ಭೂಗೋಳದ ಪಾಠವೂ ಮನೆಯವರ ಅಪ್ಪಣೆಯೂ

ಈ ತಿಂಗಳು ನಮಗೆ ಬಂದ ಕಾಗದಗಳಲ್ಲಿ ಬಯಲುಸೀಮೆಯ ಸೋದರಿಯೊಬ್ಬರು ಬರೆದುದು ನಮ್ಮನ್ನು ಬಹಳ ಯೋಚನೆಗೆ ಹಚ್ಚಿದೆ. ಅವರ ಮಗಳು ಬಿ.ಎ. ತರಗತಿಯ ಎರಡನೆಯ ವರ್ಷದಲ್ಲಿ ಭೂಗೋಳಶಾಸ್ತ್ರವನ್ನು ಓದುತ್ತಿದ್ದಾಳೆ. ಕಾಲೇಜಿನವರು ವಿದ್ಯಾರ್ಥಿಗಳನ್ನು ಆರು ದಿನಗಳ ಕ್ಷೇತ್ರಾಧ್ಯಯನಕ್ಕೆಂದು ಚಿತ್ರದುರ್ಗದಿಂದ ಆಗುಂಬೆಯವರೆಗೆ ಕರೆದೊಯ್ಯಲಿದ್ದಾರೆ. ಮನೆಯ ಹಿರಿಯರಾದ ಅವರ ಮಾವನವರು ಮಾತ್ರ, “ಭೂಗೋಳ ಓದುವುದಕ್ಕೆ ಊರೂರು ತಿರುಗಬೇಕೆ? ಪುಸ್ತಕವಿಲ್ಲವೆ, ಭೂಪಟವಿಲ್ಲವೆ? ಇದು ಪಾಠದ ಹೆಸರಿನಲ್ಲಿ ವಿಹಾರ” ಎಂದು ಅಪ್ಪಣೆ ಕೊಡಲೊಲ್ಲರಂತೆ. ಹುಡುಗಿ ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. “ಹಿರಿಯರ ಮಾತನ್ನು ಮೀರಲೆ, ಮಗಳ ಮನಸ್ಸನ್ನು ಮುರಿಯಲೆ?” ಎಂದು ಸೋದರಿ ನಮ್ಮನ್ನು ಕೇಳಿದ್ದಾರೆ.

ಮಾವನವರ ಮಾತು ನಿರಾಧಾರವಾದುದೆಂದು ನಾವು ಹೇಳುವುದಿಲ್ಲ. ಅವರು ಶಾಲೆಯಲ್ಲಿ ಕಲಿತ ಭೂಗೋಳವೆಂದರೆ ನದಿಗಳ ಹೆಸರು, ರಾಜಧಾನಿಗಳ ಹೆಸರು, ಯಾವ ಸೀಮೆಯಲ್ಲಿ ಯಾವ ಬೆಳೆ ಎಂಬ ಪಟ್ಟಿ. ಅಷ್ಟನ್ನು ಬಾಯಿಪಾಠ ಮಾಡುವುದಕ್ಕೆ ಮನೆಯ ಜಗಲಿಯೇ ಸಾಕು. ಆದರೆ ಪದವಿ ತರಗತಿಯ ಭೂಗೋಳವು ಆ ಪಟ್ಟಿಯನ್ನು ಬಿಟ್ಟು ಮುಂದೆ ಹೋಗುತ್ತದೆ. “ಎಲ್ಲಿದೆ?” ಎಂಬ ಪ್ರಶ್ನೆಯಾದ ಮೇಲೆ “ಅಲ್ಲಿಯೇ ಏಕಿದೆ?” ಎಂಬ ಪ್ರಶ್ನೆ ಹುಟ್ಟುತ್ತದೆಯಷ್ಟೆ, ಆ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವುದೇ ಅಲ್ಲಿಯ ವಿದ್ಯೆ.

ಆ ಹುಡುಗಿ ಹೋಗಬೇಕಾಗಿರುವ ದಾರಿಯನ್ನೇ ನೋಡೋಣ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುತ್ತದೆ. ಅಲ್ಲಿಂದ ನೇರ ಅಂತರದಲ್ಲಿ 200 ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿರುವ ಚಳ್ಳಕೆರೆಯಲ್ಲಿ 500 ಮಿಲಿಮೀಟರಿನ ಆಸುಪಾಸು ಮಾತ್ರ. ಸಮುದ್ರದಿಂದ ಬರುವ ಮುಂಗಾರಿನ ಗಾಳಿಯು ಸಹ್ಯಾದ್ರಿಗೆ ತಡೆದು ಮೇಲೇರುತ್ತದೆ, ಏರಿ ತಂಪಾಗುತ್ತದೆ, ತಂಪಾಗಿ ತನ್ನ ನೀರನ್ನು ಅಲ್ಲಿಯೇ ಇಳಿಸುತ್ತದೆ. ಬೆಟ್ಟವನ್ನು ದಾಟಿ ಇಳಿಯುವಾಗ ಬೆಚ್ಚಗಾಗಿ ಒಣಗುತ್ತದೆ. ಇದು ಪುಸ್ತಕದಲ್ಲಿಯೂ ಇದೆ. ಆದರೆ ದುರ್ಗದ ಸೀಮೆಯ ಹಳೆಯ ಮಣ್ಣಿನ ಮಾಳಿಗೆಯ ಮನೆಗಳನ್ನು ಬೆಳಗ್ಗೆ ಕಂಡು, ತೀರ್ಥಹಳ್ಳಿಯ ಆಚೆಯ ಇಳಿಜಾರಾದ ಹೆಂಚಿನ ಮಾಡುಗಳನ್ನು ಸಂಜೆ ಕಂಡವಳಿಗೆ, ಮಳೆಯ ಲೆಕ್ಕವು ಮನೆಯ ಸೂರಿನಲ್ಲಿಯೇ ಬರೆದಿರುವುದು ಗೋಚರವಾಗುತ್ತದೆ.

ಕೆಲವು ಕಡೆ ಪುಸ್ತಕವೂ ನೆಲವೂ ಹೊಂದುವುದಿಲ್ಲ. ಅಡಿಕೆಯು ಮಲೆನಾಡಿನ ಬೆಳೆಯೆಂದು ನಾವೆಲ್ಲರೂ ಓದಿದ್ದೇವೆ. ಆದರೆ ಹೊಳಲ್ಕೆರೆ, ಚನ್ನಗಿರಿಗಳ ಮೇಲೆ ಶಿವಮೊಗ್ಗಕ್ಕೆ ಹೋಗುವವರು ದಾರಿಯ ಇಕ್ಕೆಲಗಳಲ್ಲಿ ಅಡಿಕೆಯ ತೋಟಗಳನ್ನು ಇನ್ನೂ ಮಲೆನಾಡು ಸೇರುವ ಮೊದಲೇ ಕಾಣುತ್ತಾರೆ. ಮಳೆ ಕಡಿಮೆಯಾದ ನೆಲದಲ್ಲಿ ಇವು ಹೇಗೆ ನಿಂತಿವೆ? ಭದ್ರಾ ನಾಲೆಯ ನೀರೋ, ಕೊಳವೆ ಬಾವಿಯ ನೀರೋ? ಬಾವಿಯಾದರೆ ಎಷ್ಟು ಆಳ? ಅದು ಬತ್ತಿದ ವರ್ಷ ಆ ಮನೆಯವರು ಏನು ಮಾಡಿದರು? ಈಗ ಆಕಾಶದ ಉಪಗ್ರಹವೇ ಎಲ್ಲವನ್ನೂ ತೋರಿಸುತ್ತದೆಯಲ್ಲ ಎಂದು ಕೆಲವರು ಹೇಳುವರು. ಪ್ರಯೋಗದ ಹಂತವನ್ನು ದಾಟಿ ನಿಯತ ಬಳಕೆಗೆ ಬಂದ ಭಾರತದ ಮೊದಲ ದೂರಸಂವೇದಿ ಉಪಗ್ರಹವು 1988ರಲ್ಲಿ ಮೇಲೇರಿತು. ಅಂದಿನಿಂದ ಆ ಚಿತ್ರಗಳನ್ನು ಓದುವುದೂ ಈ ವಿದ್ಯೆಯ ಒಂದು ಭಾಗವಾಗಿದೆ. ಆದರೆ ಚಿತ್ರವು ತೋಟದ ಹಸುರನ್ನು ತೋರಿಸೀತೇ ಹೊರತು ಬಾವಿ ತೋಡಿಸಿದವನ ಸಾಲವನ್ನು ತೋರಿಸಲಾರದು. ಅದನ್ನು ಅವನ ಅಂಗಳಕ್ಕೆ ಹೋಗಿಯೇ ಕೇಳಬೇಕು.

ಕ್ಷೇತ್ರಾಧ್ಯಯನದಲ್ಲಿ ನಕಾಶೆಯನ್ನು ಓದುವ ಅಭ್ಯಾಸವೂ ನಡೆಯುತ್ತದೆ. 1767ರಲ್ಲಿ ಪ್ರಾರಂಭವಾದ ಭಾರತೀಯ ಸರ್ವೇಕ್ಷಣಾ ಇಲಾಖೆಯವರ ಹಾಳೆಗಳಲ್ಲಿ ನೆಲದ ಒಂದು ಕಿಲೋಮೀಟರು ಕಾಗದದ ಎರಡು ಸೆಂಟಿಮೀಟರಾಗಿ ಬರುವ ಬಗೆಯೊಂದಿದೆ. ಒಂದೇ ಎತ್ತರದ ಸ್ಥಳಗಳನ್ನು ಕೂಡಿಸುವ ಸಮೋನ್ನತ ರೇಖೆಗಳು ಅದರಲ್ಲಿರುತ್ತವೆ. ರೇಖೆಗಳು ಒತ್ತಾಗಿದ್ದರೆ ಕಡಿದಾದ ಇಳಿಜಾರು, ವಿರಳವಾಗಿದ್ದರೆ ಸಮನೆಲ. ತರಗತಿಯಲ್ಲಿ ಇದು ಒಂದು ಸೂತ್ರ ಮಾತ್ರ. ಹಾಳೆಯನ್ನು ಕೈಯಲ್ಲಿ ಹಿಡಿದು ಆಗುಂಬೆಯ ಘಾಟಿಯನ್ನು ಇಳಿದವಳು ಆ ಒತ್ತು ರೇಖೆಗಳನ್ನು ತನ್ನ ಮೊಣಕಾಲಿನಲ್ಲಿ ಅರಿತಿರುತ್ತಾಳೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ಎಷ್ಟೋ ಸಂಸಾರಗಳು ಮನೆಮಠ ಕಳೆದುಕೊಂಡುದನ್ನು ನಮ್ಮ ವಾಚಕರು ಮರೆತಿರಲಾರರು. ಎಂತಹ ಇಳಿಜಾರನ್ನು ಕಡಿದು ಮನೆ ಕಟ್ಟಬಾರದು, ಮಳೆಯ ನೀರು ಯಾವ ಕಡೆಗೆ ಹರಿದೀತು ಎಂದು ನೋಡಬಲ್ಲ ಕಣ್ಣು ಒಂದು ಮನೆಯಲ್ಲಿದ್ದರೆ ಅದು ಆ ಮನೆಗೇ ರಕ್ಷೆ.

ಇನ್ನು ಹಳ್ಳಿಯ ಸಮೀಕ್ಷೆ. ವಿದ್ಯಾರ್ಥಿಗಳು ಪ್ರಶ್ನೆಗಳ ಪಟ್ಟಿಯನ್ನು ಹಿಡಿದು ಮನೆಮನೆಗೆ ಹೋಗುತ್ತಾರೆ. ಇಲ್ಲಿ ಹೆಣ್ಣುಮಕ್ಕಳಿಲ್ಲದೆ ಕೆಲಸವೇ ಪೂರ್ತಿಯಾಗದು. ಜಗಲಿಯಲ್ಲಿ ಕುಳಿತ ಯಜಮಾನರನ್ನು “ನೀರು ಎಷ್ಟು ದೂರ?” ಎಂದು ಕೇಳಿದರೆ “ಇಲ್ಲೇ ಹತ್ತಿರ” ಎನ್ನುತ್ತಾರೆ. ಅಡಿಗೆಮನೆಯ ಬಾಗಿಲಿಗೆ ಹೋಗಿ ಕೊಡ ಹೊರುವವಳನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ. ಆ ಬಾಗಿಲಿನವರೆಗೆ ಸಂಕೋಚವಿಲ್ಲದೆ ಹೋಗಬಲ್ಲವಳು ವಿದ್ಯಾರ್ಥಿನಿಯೇ.

ಮನೆಬಾಗಿಲಿಗೆ ಹೋಗಿ ಕೇಳುವುದರ ಬೆಲೆಯನ್ನು ತಿಳಿಯಲು ಒಂದು ಪ್ರಸಿದ್ಧ ಸಂಗತಿಯನ್ನು ನೆನೆಯಬಹುದು. 1854ರಲ್ಲಿ ಲಂಡನ್ ನಗರದ ಸೋಹೋ ಎಂಬ ಭಾಗದಲ್ಲಿ ಕಾಲರಾ ಹಬ್ಬಿ 600ಕ್ಕೂ ಮಿಕ್ಕು ಜನ ಮಡಿದರು. ಜಾನ್ ಸ್ನೋ ಎಂಬ ವೈದ್ಯರು ಸಾವುಗಳೆಲ್ಲ ಬ್ರಾಡ್ ಬೀದಿಯ ನೀರಿನ ಪಂಪಿನ ಸುತ್ತಲೇ ಹೆಚ್ಚಾಗಿರುವುದನ್ನು ಕಂಡರು. ಆದರೆ ಬೇರೊಂದು ಪಂಪು ಹತ್ತಿರವಿದ್ದ ಕೆಲವು ಮನೆಗಳಲ್ಲಿಯೂ ಸಾವು ಸಂಭವಿಸಿತ್ತು. ಅಲ್ಲಿಗೆ ಹೋಗಿ ವಿಚಾರಿಸಲಾಗಿ, ಅವರಲ್ಲಿ ಹಲವರು ಬ್ರಾಡ್ ಬೀದಿಯ ನೀರನ್ನೇ ಮೆಚ್ಚಿ ತರಿಸಿಕೊಳ್ಳುತ್ತಿದ್ದರೆಂದು ತಿಳಿದುಬಂದಿತು. ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಯನ್ನು ಕಳಚಿಸಲಾಯಿತು. ಅವರು ತರುವಾಯ ಪ್ರಕಟಿಸಿದ ನಕಾಶೆಯು ಇಂದಿಗೂ ಭೂಗೋಳದ ವಿದ್ಯಾರ್ಥಿಗಳಿಗೆ ಪಾಠವಾಗಿದೆ. ಬಾಗಿಲು ತಟ್ಟದಿದ್ದರೆ ಆ ನಕಾಶೆಯ ಅರ್ಥ ಅರ್ಧವಾಗಿಯೇ ಉಳಿಯುತ್ತಿತ್ತು.

ಇಷ್ಟು ಹೇಳುವ ನಾವೇ ಒಮ್ಮೆ ತಪ್ಪಿದವರು. ನಮ್ಮ ಮನೆಯ ಹುಡುಗಿಯೊಬ್ಬಳು ಇಂತಹುದೇ ಅಧ್ಯಯನಕ್ಕೆ ಹೊರಟಾಗ ನಾವು ಬೇಡವೆಂದು ತಡೆದೆವು. ಅವಳು ಗೆಳತಿಯರ ಟಿಪ್ಪಣಿಯನ್ನು ನೋಡಿ ವರದಿ ಬರೆದಳು; ಅಂಕಗಳೂ ಬಂದುವು. ಬಹಳ ವರ್ಷಗಳಾದ ಮೇಲೆ, “ಅದರಲ್ಲಿ ನಾನು ಬರೆದ ಒಂದು ಸಾಲನ್ನೂ ನಾನು ಕಂಡಿರಲಿಲ್ಲ” ಎಂದಳು. ನಾವು ಮರುಮಾತಾಡಲಿಲ್ಲ.

ಹಾಗೆಂದು ಹಿರಿಯರ ಭಯವನ್ನು ಅಲ್ಲಗಳೆಯತಕ್ಕದ್ದಲ್ಲ. ಸೋದರಿಯವರು ತಾವೇ ಕಾಲೇಜಿಗೆ ಹೋಗಿ, ಅಧ್ಯಾಪಿಕೆಯರು ಯಾರು ಜೊತೆಗಿರುವರು, ಹೆಣ್ಣುಮಕ್ಕಳ ವಸತಿ ಎಲ್ಲಿ, ಖರ್ಚೆಷ್ಟು, ಕಾಯಿಲೆಯಾದರೆ ಏನು ಏರ್ಪಾಡು ಎಂಬುದನ್ನು ಕೇಳಿ, ಬರೆದುಕೊಂಡು ಬಂದು ಮಾವನವರ ಮುಂದಿಡಲಿ. ಈ ಓದಿನಿಂದ ಉದ್ಯೋಗವೇನು ಎಂದು ಅವರು ಕೇಳಿದರೆ ಸತ್ಯವನ್ನೇ ಹೇಳಲಿ: ಬರಿಯ ಪದವಿಯು ಕೆಲಸವನ್ನು ಮನೆಗೆ ತಂದುಕೊಡದು. ಬಿ.ಎಡ್. ಮಾಡಿ ಉಪಾಧ್ಯಾಯಿನಿಯಾಗಬಹುದು, ಗಣಕಯಂತ್ರದಲ್ಲಿ ನಕಾಶೆ ರಚಿಸುವುದನ್ನು ಚೆನ್ನಾಗಿ ಕಲಿತರೆ ನೀರು, ನಗರಯೋಜನೆಗಳ ಕೆಲಸಗಳಲ್ಲಿ ಅದಕ್ಕೆ ಬೆಲೆಯುಂಟು, ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೂ ಭೂಗೋಳವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳಬಹುದು. ಇವೆಲ್ಲಕ್ಕೂ ನೆಲವನ್ನು ಕಂಡವಳಿಗೂ ಕಾಣದವಳಿಗೂ ವ್ಯತ್ಯಾಸವಿದೆ.

ಕಡೆಯದಾಗಿ ಆ ಹಿರಿಯರಲ್ಲಿ ನಮ್ಮ ಒಂದು ವಿಜ್ಞಾಪನೆ. ತಾವು ಮೊಮ್ಮಗಳನ್ನು ಹರಸಿ ಕಳುಹಿಸಿಕೊಡಬೇಕು. ಅವಳು ಹಿಂದಿರುಗಿದ ರಾತ್ರಿ ಹತ್ತಿರ ಕೂರಿಸಿಕೊಂಡು, “ನಮ್ಮ ಊರ ಹಳೆಯ ಮನೆಗಳಿಗೆ ಮಣ್ಣಿನ ಮಾಳಿಗೆ ಏಕೆ, ಅಲ್ಲಿಯ ಮನೆಗಳಿಗೆ ಇಳಿಜಾರು ಮಾಡು ಏಕೆ?” ಎಂದು ಕೇಳಬೇಕು. ಪುಸ್ತಕದ ಮಾತನ್ನು ಒಪ್ಪಿಸುತ್ತಾಳೆಯೋ, ತಾನು ಕಂಡುದನ್ನು ಹೇಳುತ್ತಾಳೆಯೋ ಎಂಬುದು ತಮಗೇ ತಿಳಿಯುವುದು. ಆ ಉತ್ತರವೇನೆಂದು ಸೋದರಿಯವರು ನಮಗೂ ಒಂದು ಕಾಗದ ಬರೆದು ತಿಳಿಸಿದರೆ ಸಂತೋಷಪಡುವೆವು.