ಲಾಂಛನದ ವಿಮರ್ಶೆಗೆ ಈಗ ದಿಕ್ಕು ಯಾರು?

ಕಾಕ್ರೇನ್ ಸಂಸ್ಥೆಯ ಆಡಳಿತ ಮಂಡಳಿಯ ಸದಸ್ಯರಿಗೆ, ಲಂಡನ್



ನಿಮ್ಮ ಲಾಂಛನದಿಂದಲೇ ಶುರು ಮಾಡುತ್ತೇನೆ. ಎದುರುಬದುರಾದ ಎರಡು ಕಮಾನುಗಳ ನಡುವೆ ಒಂದು ಲಂಬ ಗೆರೆ, ಕೆಲವು ಅಡ್ಡಗೆರೆಗಳು, ಕೆಳಗೊಂದು ಪುಟ್ಟ ವಜ್ರ. ಒಂದೊಂದು ಅಡ್ಡಗೆರೆಯೂ ಒಂದೊಂದು ವೈದ್ಯಕೀಯ ಪ್ರಯೋಗ. ಅಡ್ಡಗೆರೆ ಲಂಬ ಗೆರೆಯನ್ನು ಮುಟ್ಟಿತೆಂದರೆ ಔಷಧದಿಂದ ಲಾಭವಾಯಿತೆಂದು ಆ ಒಂದು ಪ್ರಯೋಗವನ್ನಷ್ಟೇ ನಂಬಿ ಹೇಳುವಂತಿಲ್ಲ. ಎಲ್ಲವನ್ನೂ ಕೂಡಿಸಿದಾಗ ಬರುವ ವಜ್ರ ಮಾತ್ರ ಎಡಕ್ಕೆ ಸರಿದು ನಿಂತಿದೆ. ದಿನ ತುಂಬುವ ಮೊದಲೇ ಹೆರಿಗೆಯಾಗುವ ಸೂಚನೆಯಿರುವ ತಾಯಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರೆ ಕೂಸು ಬದುಕುವ ಸಾಧ್ಯತೆ ಹೆಚ್ಚು ಎಂಬುದು ಅದರ ಅರ್ಥ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಇದರ ಮೊದಲ ಪ್ರಯೋಗವನ್ನು ಪ್ರಕಟಿಸಿದ್ದು 1972ರಲ್ಲಿ. ಚದುರಿದ ಪ್ರಯೋಗಗಳನ್ನೆಲ್ಲ ಯಾರೋ ಕೂತು ಕೂಡಿಸಿ ನೋಡುವ ಹೊತ್ತಿಗೆ ಎಂಬತ್ತರ ದಶಕವೇ ಮುಗಿಯುತ್ತಿತ್ತು. ಆ ನಡುವೆ ಉಳಿಸಬಹುದಾಗಿದ್ದ ಸಾವಿರಾರು ಕೂಸುಗಳು ಹೋದವು. ಇಂಥದ್ದು ಮರುಕಳಿಸಬಾರದೆಂದೇ 1993ರಲ್ಲಿ ನಿಮ್ಮ ಸಂಸ್ಥೆ ಹುಟ್ಟಿತು.

ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ಆದರೆ ಈ ಪತ್ರ ಓದುವ ಉಳಿದವರಿಗೂ ಗೊತ್ತಿರಲಿ: ಒಂದು ಚಿಕಿತ್ಸೆಯ ಬಗ್ಗೆ ಜಗತ್ತಿನಲ್ಲಿ ನಡೆದ ಪ್ರಯೋಗಗಳನ್ನೆಲ್ಲ ಹುಡುಕಿ, ಕಾಳು ಜೊಳ್ಳು ಬೇರೆ ಮಾಡಿ, ಒಟ್ಟು ಲೆಕ್ಕ ಒಪ್ಪಿಸುವುದಕ್ಕೆ ಸಿಸ್ಟಮ್ಯಾಟಿಕ್ ರಿವ್ಯೂ, ಅಂದರೆ ವ್ಯವಸ್ಥಿತ ವಿಮರ್ಶೆ, ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಮಾರ್ಗಸೂಚಿ ಬರೆಯುವಾಗ ನೆಚ್ಚುವುದು ಇದನ್ನೇ. ಆ ಮಾರ್ಗಸೂಚಿ ದೆಹಲಿಗೆ ಬಂದು, ಅಲ್ಲಿಂದ ಬೆಂಗಳೂರಿಗೆ ಇಳಿದು, ಕೊನೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಸುತ್ತೋಲೆಯಾಗಿ ಅಂಟುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಲಾಂಛನದ ಆ ವಿಮರ್ಶೆಯನ್ನು ಕಾಪಾಡಿಕೊಂಡು ಬಂದದ್ದು ಲಿವರ್‌ಪೂಲ್‌ನ ಗರ್ಭಧಾರಣೆ ಮತ್ತು ಹೆರಿಗೆ ಗುಂಪು. ಅದು ನಿಮ್ಮ ಮೊಟ್ಟಮೊದಲ ವಿಮರ್ಶಾ ಗುಂಪು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಸಂಸ್ಥೆಯಾದ ಎನ್‌ಐಎಚ್‌ಆರ್ ಅಲ್ಲಿನ ಕಾಕ್ರೇನ್ ಗುಂಪುಗಳಿಗೆ ಕೊಡುತ್ತಿದ್ದ ಹಣವನ್ನು 2023ರ ಮಾರ್ಚ್‌ಗೆ ನಿಲ್ಲಿಸಿತು. ಗುಂಪುಗಳು ಸಾಲಾಗಿ ಬಾಗಿಲು ಹಾಕಿದವು, ಲಿವರ್‌ಪೂಲ್‌ನದ್ದೂ ಸೇರಿ. ನೀವು ಕೇಂದ್ರೀಯ ಸಂಪಾದಕೀಯ ಸೇವೆಯನ್ನು ಗಟ್ಟಿ ಮಾಡಿದಿರಿ, ಎವಿಡೆನ್ಸ್ ಸಿಂಥೆಸಿಸ್ ಯೂನಿಟ್ ಮತ್ತು ಥೀಮ್ಯಾಟಿಕ್ ಗ್ರೂಪ್ ಎಂಬ ಹೊಸ ಏರ್ಪಾಡು ಮಾಡಿದಿರಿ. ಹಣ ನಿಲ್ಲಿಸಿದ್ದು ನೀವಲ್ಲ, ಒಪ್ಪಿದೆ. ಆದರೆ ಮನೆ ಖಾಲಿಯಾದ ಮೇಲೆ ಅಲ್ಲಿದ್ದ ಸಾಮಾನಿಗೆ ಹೊಣೆ ಯಾರು ಎಂದು ಹೇಳಬೇಕಾದವರು ನೀವೇ. ಅದನ್ನು ನೀವು ಸ್ಪಷ್ಟವಾಗಿ ಹೇಳಿಲ್ಲ.

ಹಳೆಯ ವ್ಯವಸ್ಥೆ ಸ್ವರ್ಗವಾಗಿತ್ತೆಂದು ನಾನು ವಾದಿಸುವುದಿಲ್ಲ. ಒಂದು ವಿಮರ್ಶೆ ಹೊರಬರಲು ವರ್ಷಗಳೇ ಹಿಡಿಯುತ್ತಿದ್ದವು. ಒಂದು ಗುಂಪು ಚುರುಕು, ಇನ್ನೊಂದು ಮಂದ. ಲೇಖಕರಿಗೆ ಕೈಹಿಡಿದು ಕಲಿಸುತ್ತಿದ್ದವರೇ ಕೊನೆಗೆ ಅವರ ಬರಹಕ್ಕೆ ಮುದ್ರೆಯನ್ನೂ ಒತ್ತುತ್ತಿದ್ದರು. ನೆರವು ಕೊಡುವವರು ಬೇರೆ, ತೀರ್ಪು ಕೊಡುವವರು ಬೇರೆ ಇರಲಿ ಎಂಬ ನಿಮ್ಮ ನಿರ್ಧಾರ ಸರಿಯಾದದ್ದೇ. ನನ್ನ ಜಗಳ ಅದರ ಜೊತೆಗಲ್ಲ.

ಜಗಳ ಯಾಕೆಂದು ಹೇಳಲು ಬೆಳಗಾವಿಯಲ್ಲೂ ನಡೆದ ಎರಡು ಪ್ರಯೋಗಗಳ ಕಥೆ ಹೇಳಬೇಕು.

ಲಾಂಛನದ ವಜ್ರ ಮುಖ್ಯವಾಗಿ ಶ್ರೀಮಂತ ದೇಶಗಳ ಆಸ್ಪತ್ರೆಗಳಲ್ಲಿ ಮೂಡಿದ್ದು. ಆ ಚುಚ್ಚುಮದ್ದನ್ನು ಬಡ ದೇಶಗಳ ಹಳ್ಳಿಗಳಿಗೂ ಒಯ್ದರೆ ಏನಾಗುತ್ತದೆ ಎಂದು ನೋಡಲು ಆರು ದೇಶಗಳಲ್ಲಿ ದೊಡ್ಡ ಪ್ರಯೋಗವೊಂದು ನಡೆಯಿತು. ಅದರಲ್ಲಿ ಭಾರತದ ಕೇಂದ್ರಗಳು ಬೆಳಗಾವಿ ಮತ್ತು ನಾಗಪುರ. ಸುಮಾರು ಒಂದು ಲಕ್ಷ ಹೆರಿಗೆಗಳ ಲೆಕ್ಕ. 2014ರಲ್ಲಿ ಫಲಿತಾಂಶ ಬಂದಾಗ ಎಲ್ಲರಿಗೂ ದಿಗಿಲು. ತೀರಾ ಸಣ್ಣ ಕೂಸುಗಳ ಸಾವು ತಗ್ಗಲಿಲ್ಲ. ಎಲ್ಲ ಕೂಸುಗಳನ್ನೂ ಸೇರಿಸಿ ನೋಡಿದರೆ ಸಾವಿರ ಜನನಕ್ಕೆ ಮೂರೂವರೆಯಷ್ಟು ಸಾವು ಹೆಚ್ಚೇ ಆಗಿತ್ತು. ತಾಯಂದಿರಲ್ಲಿ ಸೋಂಕಿನ ಅನುಮಾನವೂ ಹೆಚ್ಚಿತ್ತು. ಗರ್ಭಕ್ಕೆ ಎಷ್ಟು ವಾರ ಎಂಬ ಲೆಕ್ಕವೇ ಸರಿಯಿಲ್ಲದ ಕಡೆ, ಹುಟ್ಟಿದ ಕೂಸನ್ನು ನೋಡಿಕೊಳ್ಳುವ ವ್ಯವಸ್ಥೆ ಇಲ್ಲದ ಕಡೆ, ಅದೇ ಔಷಧ ಬೇರೆಯೇ ಫಲ ಕೊಡಬಹುದು ಎಂದು ಆಗ ಅರಿವಾಯಿತು. ಅದೇ 2014ರಲ್ಲಿ ನಮ್ಮ ಕೇಂದ್ರ ಸರ್ಕಾರ, ಹೆರಿಗೆಗೆ ಮೊದಲು ದೊಡ್ಡಾಸ್ಪತ್ರೆಗೆ ಕಳಿಸುವಾಗ ಎಎನ್‌ಎಂ ಎಂಬ ಸಹಾಯಕ ದಾದಿಯರೂ ಈ ಚುಚ್ಚುಮದ್ದಿನ ಮೊದಲ ಡೋಸ್ ಕೊಡಬಹುದೆಂಬ ಮಾರ್ಗಸೂಚಿ ಹೊರಡಿಸಿತ್ತು. ಸುತ್ತೋಲೆ ಒಂದು ದಾರಿ, ಸಾಕ್ಷ್ಯ ಇನ್ನೊಂದು ದಾರಿ ಹಿಡಿದಿದ್ದವು.

ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ ಮತ್ತೊಂದು ಪ್ರಯೋಗ ನಡೆಸಿತು: ಐದು ದೇಶ, 29 ಆಸ್ಪತ್ರೆ, 2,852 ಗರ್ಭಿಣಿಯರು. ಈ ಸಲವೂ ಬೆಳಗಾವಿ ಇತ್ತು. ಗರ್ಭದ ವಾರಗಳನ್ನು ಸರಿಯಾಗಿ ಲೆಕ್ಕಹಾಕಿ, ಒಳ್ಳೆಯ ಆರೈಕೆಯಿರುವ ಆಸ್ಪತ್ರೆಯಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಕೊಟ್ಟಾಗ ನವಜಾತ ಶಿಶುಗಳ ಸಾವು ಶೇಕಡಾ 23.5ರಿಂದ 19.6ಕ್ಕೆ ಇಳಿದಿತ್ತು. ಲಾಭ ಎಷ್ಟು ನಿಚ್ಚಳವಾಗಿತ್ತೆಂದರೆ ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. 2020ರ ಡಿಸೆಂಬರ್‌ನಲ್ಲಿ ಲಿವರ್‌ಪೂಲ್ ಗುಂಪು ತನ್ನ ವಿಮರ್ಶೆಯನ್ನು ಹೊಸದಾಗಿಸಿ 27 ಪ್ರಯೋಗಗಳ ಲೆಕ್ಕ ಕೊಟ್ಟಿತು. ಅವುಗಳಲ್ಲಿ 10 ನಮ್ಮಂಥ ಬಡ, ಮಧ್ಯಮ ವರಮಾನದ ದೇಶಗಳವು.

ಈ ಇಡೀ ಪ್ರಸಂಗ ಹೇಳುವುದೇನು? ನಿಮ್ಮ ಸಂಸ್ಥೆಯ ಅತ್ಯಂತ ಹೆಸರಾದ, ಲಾಂಛನಕ್ಕೇ ಏರಿದ ತೀರ್ಮಾನ ಕೂಡ ದಶಕಗಳು ಕಳೆದ ಮೇಲೆ ಮರುಪರೀಕ್ಷೆಗೆ ನಿಲ್ಲಬೇಕಾಯಿತು. ಅದಕ್ಕೆ ಬೇಕಾದದ್ದು ಆ ವಿಷಯದಲ್ಲಿ ನುರಿತ ಒಂದು ಕಾಯಂ ತಂಡ. ಯಾವ ಪ್ರಯೋಗ ಎಲ್ಲಿ ನಡೆಯುತ್ತಿದೆ, ಯಾವ ಲೇಖಕ ಕೇಳಿದರೂ ಮೂಲ ಅಂಕಿಅಂಶ ಕೊಡುವುದಿಲ್ಲ, ಯಾವ ಪ್ರಬಂಧದಲ್ಲಿ ಸಂಖ್ಯೆಗಳು ಅನುಮಾನ ಬರುವಷ್ಟು ಅಂದವಾಗಿವೆ ಎಂಬುದು ಲಿವರ್‌ಪೂಲ್‌ನ ಸಂಪಾದಕರಿಗೆ ಗೊತ್ತಿತ್ತು. ಸೃಷ್ಟಿಸಿದ ಅಂಕಿಗಳು ವಿಮರ್ಶೆಯೊಳಗೆ ನುಸುಳದಂತೆ ಪ್ರಯೋಗಗಳನ್ನು ಜರಡಿ ಹಿಡಿಯುವ ವಿಧಾನವೊಂದನ್ನು ಅವರೇ ರೂಪಿಸಿದ್ದರು. ಇಂಥ ಕೆಲಸಕ್ಕೆ ಪ್ರಶಸ್ತಿ ಇಲ್ಲ, ಲೇಖಕರ ಪಟ್ಟಿಯಲ್ಲಿ ಹೆಸರೂ ಬರುವುದಿಲ್ಲ. ಸಂಬಳದ ಲೆಕ್ಕದಲ್ಲಿ ಮಾತ್ರ ಅದು ಕಾಣುತ್ತದೆ, ಅಲ್ಲಿ ಮೊದಲು ಕತ್ತರಿ ಬೀಳುವುದೂ ಅದಕ್ಕೇ.

ನಮ್ಮ ನಾಡಿನ ಹಳೆಯ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಹೆಸರಿನ ಜೊತೆಗೆ, ಆ ಕೆರೆಯ ಉಸ್ತುವಾರಿಗೆಂದು ಬಿಟ್ಟ ಬಿತ್ತುವಟ್ಟವೆಂಬ ದತ್ತಿಯ ದಾಖಲೆಯೂ ಇರುತ್ತದೆ. ಏರಿ ಕಟ್ಟಿ ಬಿಟ್ಟರಾಗದು, ವರ್ಷ ವರ್ಷ ಹೂಳೆತ್ತಬೇಕು, ಎತ್ತುವವನು ಉಣ್ಣಬೇಕು ಎಂದು ಕಟ್ಟಿಸಿದವರಿಗೆ ತಿಳಿದಿತ್ತು. ನಿಮ್ಮ ಹೊಸ ಏರ್ಪಾಡಿನಲ್ಲಿ ಹೊಸ ಕೆರೆಗೆ ಹಣವಿದೆ, ಬಿತ್ತುವಟ್ಟ ಕಾಣುತ್ತಿಲ್ಲ. ಹೊಸ ವಿಮರ್ಶೆಗೆ ದಾನಿ ಸಿಗುತ್ತಾನೆ. ಹಳೆಯದನ್ನು ಹೊಸದಾಗಿಸಲು ಯಾರು ಬರುತ್ತಾರೆ?

ಮಾತು ಕೊಟ್ಟು ಮುಗಿಸದೆ ಬಿಟ್ಟ ಕೆಲಸಕ್ಕೆ ಉದಾಹರಣೆ ದೂರ ಹುಡುಕಬೇಕಿಲ್ಲ. ತೀರದ ದಣಿವಿನ ಕಾಯಿಲೆಯಾದ ಎಂಇ ಅಥವಾ ಕ್ರಾನಿಕ್ ಫೆಟೀಗ್ ಸಿಂಡ್ರೋಮ್ ಇರುವವರಿಗೆ ವ್ಯಾಯಾಮ ಚಿಕಿತ್ಸೆ ಹಿತವೇ ಎಂಬ ವಿಮರ್ಶೆಯ ಮೇಲೆ ರೋಗಿಗಳೇ ತಕರಾರು ತೆಗೆದಿದ್ದರು. ಪೂರ್ತಿ ಹೊಸದಾಗಿ ಬರೆಸುತ್ತೇವೆ, ಸ್ವತಂತ್ರ ಸಲಹಾ ಮಂಡಳಿ ಇರುತ್ತದೆ ಎಂದು 2019ರಲ್ಲಿ ಹೇಳಿದಿರಿ. 2024ರ ಡಿಸೆಂಬರ್‌ನಲ್ಲಿ ಆ ಯೋಜನೆಯನ್ನು ಕೈಬಿಟ್ಟಿರಿ. ಯಾರ ವಾದ ಸರಿ ಎಂಬ ತಂಟೆಗೆ ನಾನು ಹೋಗುವುದಿಲ್ಲ. ಐದು ವರ್ಷ ಕಾದವರಿಗೆ ಸಿಕ್ಕಿದ್ದು ಒಂದು ಪ್ರಕಟಣೆ ಮಾತ್ರ.

ಹಣದ ಮಾತು. ನಿಮ್ಮ ಆದಾಯದ ದೊಡ್ಡ ಪಾಲು ಬರುವುದು ವೈಲಿ ಪ್ರಕಾಶನದ ಮೂಲಕ ಮಾರುವ ಕಾಕ್ರೇನ್ ಲೈಬ್ರರಿಯ ಚಂದಾದಿಂದ. ಎಲ್ಲ ವಿಮರ್ಶೆಗಳನ್ನೂ 2025ರೊಳಗೆ ಎಲ್ಲರಿಗೂ ಮುಕ್ತವಾಗಿ ಒದಗಿಸುವ ಗುರಿ ಹಾಕಿಕೊಂಡವರೂ ನೀವೇ. ಚಂದಾ ನಂಬಿ ಬದುಕುವ ಸಂಸ್ಥೆ ಚಂದಾ ಬೇಡ ಎನ್ನುವುದು ಕಷ್ಟ, ನಿಜ. ಆದರೆ ವಿಮರ್ಶೆ ಬರೆಯುವವರಲ್ಲಿ ಹೆಚ್ಚಿನವರು ಸಂಭಾವನೆ ಪಡೆಯದವರು, ಪ್ರಯೋಗಕ್ಕೆ ತೋಳು ಕೊಟ್ಟವರಂತೂ ಏನನ್ನೂ ಪಡೆಯದವರು. ಪ್ರಕಟವಾದ ಹನ್ನೆರಡು ತಿಂಗಳ ನಂತರ ಉಚಿತ ಎಂಬ ನಿಯಮ, ಚಂದಾ ಇಲ್ಲದ ಕಡೆ ಇಂದು ರಾತ್ರಿ ವಾರ್ಡಿನಲ್ಲಿರುವ ವೈದ್ಯರಿಗೆ ಉಪಯೋಗಕ್ಕೆ ಬಾರದು. ಬಡ ದೇಶಗಳಿಗೆ ಜರ್ನಲ್‌ಗಳನ್ನು ಪುಕ್ಕಟೆಯಾಗಿ ಒದಗಿಸುವ ಅಂತರರಾಷ್ಟ್ರೀಯ ಯೋಜನೆಯಲ್ಲೂ ಭಾರತಕ್ಕೆ ಜಾಗವಿಲ್ಲ.

ಇಲ್ಲಿ ದೆಹಲಿಯ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೂ ಒಂದು ಮಾತು. 2007ರಲ್ಲಿ ದೇಶಕ್ಕೆಲ್ಲ ಕಾಕ್ರೇನ್ ಲೈಬ್ರರಿಯ ಪರವಾನಗಿ ಕೊಂಡು, ಭಾರತದಲ್ಲಿ ಇಂಟರ್‌ನೆಟ್ ಇದ್ದ ಯಾರು ಬೇಕಾದರೂ ಓದುವಂತೆ ಮಾಡಿದ್ದು ನೀವು. ದೊಡ್ಡ ಕೆಲಸ. ಆದರೆ ಓದುಗರಾಗಿ ಎಷ್ಟು ಕಾಲ ಇರುವುದು? ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಡಾ. ಪ್ರತಾಪ್ ತರ್ಯನ್ ಕಟ್ಟಿ ಬೆಳೆಸಿದ ಕಾಕ್ರೇನ್‌ನ ದಕ್ಷಿಣ ಏಷ್ಯಾ ಕೇಂದ್ರ, ಮಣಿಪಾಲದಲ್ಲಿ ಇದೇ ಕೆಲಸ ಕಲಿತ ತಂಡ, ಇವೆಲ್ಲ ಕಣ್ಣೆದುರಿನ ಉದಾಹರಣೆಗಳು. ನಾವೇ ಬರೆಯಬೇಕಾದ ವಿಮರ್ಶೆಗಳೂ ಇವೆ: ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆಗೆ ದಶಕಗಳ ಕಾಲ ಕೊಟ್ಟ ಲಸಿಕೆಯನ್ನು 2022ರಲ್ಲಿ ನಿಲ್ಲಿಸಬೇಕಾಯಿತು. ಆ ಲಸಿಕೆಯ ಸಾಕ್ಷ್ಯವನ್ನು ಜಾಲಾಡುವುದು ಲಂಡನ್ನಿನ ಆದ್ಯತೆಯಾಗುತ್ತದೆಂದು ಮಲೆನಾಡಿನವರು ಕಾಯುತ್ತ ಕೂರಲಾಗದು. ಅದು ನಿಮ್ಮ ಕೆಲಸ, ಅದಕ್ಕೆ ಕಾಯಂ ಹುದ್ದೆಗಳು ಬೇಕು. ಎರಡು ವರ್ಷದ ಪ್ರಾಜೆಕ್ಟ್ ಕೊಟ್ಟು ಕೈತೊಳೆದುಕೊಂಡರೆ ಕಲಿತ ಹುಡುಗರು ಔಷಧ ಕಂಪನಿಗಳಿಗೆ ಹೋಗುತ್ತಾರೆ. ಹೋಗುತ್ತಲೂ ಇದ್ದಾರೆ.

ಮತ್ತೆ ಕಾಕ್ರೇನ್ ಆಡಳಿತ ಮಂಡಳಿಯ ಸದಸ್ಯರಿಗೆ. ಮುಚ್ಚಿದ ಪ್ರತಿ ಗುಂಪಿನ ಕೈಯಲ್ಲಿದ್ದ ವಿಮರ್ಶೆಗಳ ಪಟ್ಟಿಯನ್ನು ಹೊರಗಿಡಿ. ಒಂದೊಂದರ ಎದುರೂ ಈಗ ಅದರ ಹೊಣೆ ಯಾರದು, ಮುಂದಿನ ಪರಿಶೀಲನೆ ಯಾವ ವರ್ಷ ಎಂದು ಬರೆಯಿರಿ. ಯಾರೂ ಇಲ್ಲವಾದರೆ ಯಾರೂ ಇಲ್ಲ ಎಂದೇ ಬರೆದು, ಆ ಮಾತನ್ನು ವಿಮರ್ಶೆಯ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿ. ಯಾವುದನ್ನು ಮೊದಲು ಹೊಸದಾಗಿಸಬೇಕು ಎಂದು ತೀರ್ಮಾನಿಸುವ ಮೇಜಿನ ಸುತ್ತ, ಪ್ರಯೋಗಗಳು ನಡೆದ ಊರುಗಳ ವೈದ್ಯರೂ ನರ್ಸ್‌ಗಳೂ ಕೂರಲಿ, ಸಲಹೆಗಾರರಾಗಿ ಅಲ್ಲ, ಮತ ಇರುವವರಾಗಿ. ಮುಕ್ತ ಪ್ರಕಟಣೆಗೆ ಹೊಸ ಗಡುವು ಹೇಳಿ, ಆಗದಿದ್ದರೆ ಆಗದು ಎನ್ನಿ.

ಉತ್ತರ ಇಂಗ್ಲಿಷಿನಲ್ಲೇ ಬರಲಿ, ತಕರಾರಿಲ್ಲ. ಜೊತೆಗೆ ಆ ಪಟ್ಟಿ ಇರಲಿ.

ಇತಿ,
ನಿಮ್ಮ ವಿಮರ್ಶೆಗಳ ಒಬ್ಬ ಓದುಗ