ಬಿರುಗಾಳಿ ಉರುಳಿಸಿದ ಕಾಡು: ನೆಡಬೇಕೇ, ಕಾಯಬೇಕೇ?

1987ರ ಅಕ್ಟೋಬರ್ 15ರ ರಾತ್ರಿ ಎದ್ದ ಬಿರುಗಾಳಿ ಬೆಳಗಾಗುವಷ್ಟರಲ್ಲಿ ದಕ್ಷಿಣ ಇಂಗ್ಲೆಂಡಿನ ಸುಮಾರು 1.5 ಕೋಟಿ ಮರಗಳನ್ನು ಕೆಡವಿತ್ತು. ಎಲೆ ಇನ್ನೂ ಉದುರಿರಲಿಲ್ಲ, ಮಳೆಗೆ ನೆಲ ನೆನೆದಿತ್ತು. ಗಾಳಿಯ ಹೊಡೆತಕ್ಕೆ ಬೇರು ನಿಲ್ಲಲಿಲ್ಲ. ಸೆವೆನೋಕ್ಸ್ ಪಟ್ಟಣದ ಗುರುತಾಗಿದ್ದ ಏಳು ಓಕ್ ಮರಗಳಲ್ಲಿ ಆರು ಹೋದವು. ಕೆಂಟ್ ಪ್ರಾಂತ್ಯದ ಟಾಯ್ಸ್ ಹಿಲ್‌ನಲ್ಲಿ ಹಳೆಯ ಬೀಚ್ ಮರಗಳು ಬಹುಪಾಲು ಬುಡಮೇಲಾದವು. ಇಂಥ ಕಡೆ ದೇಸಿ ಮರಗಳನ್ನು ಮರಳಿ ತರುವುದು ಹೇಗೆ ಎಂಬ ಪ್ರಶ್ನೆ ಅಂದು ಎದ್ದದ್ದು, ಇಂದಿಗೂ ಪೂರ್ತಿ ತೀರ್ಮಾನವಾಗಿಲ್ಲ.

ನೆಡಲೇಬೇಕು ಎನ್ನುವವರ ವಾದ ಕೇವಲ ಅವಸರದ್ದಲ್ಲ. ದಕ್ಷಿಣ ಇಂಗ್ಲೆಂಡಿನ ಕಾಡುಗಳು ಹೊಲ, ರಸ್ತೆಗಳ ನಡುವೆ ತುಂಡುತುಂಡಾಗಿ ಉಳಿದಂಥವು. ಬೀಜ ಕೊಡುವ ತಾಯಿಮರಗಳೇ ಬಿದ್ದರೆ ಹೊಸ ಬೀಜ ಎಲ್ಲಿಂದ ಬರಬೇಕು? ಬೀಚ್ ಮರವಂತೂ ಪ್ರತಿವರ್ಷ ಹೇರಳವಾಗಿ ಕಾಯಿ ಬಿಡುವುದಿಲ್ಲ. ಮೊಳೆತದ್ದನ್ನು ಜಿಂಕೆ ಮೇಯುತ್ತದೆ. ಬಿಸಿಲು ಬಿದ್ದ ಜಾಗಕ್ಕೆ ಹೊರಗಿನಿಂದ ಬಂದ ರೋಡೋಡೆಂಡ್ರಾನ್ ಪೊದೆ ನುಗ್ಗುತ್ತದೆ. ಬಂಡೀಪುರದಲ್ಲಿ ಲಂಟಾನ ಹಬ್ಬಿದ್ದನ್ನು ಕಂಡವರಿಗೆ ಈ ಭಯವನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೂ ಗಟ್ಟಿಯಾದ ಮಾತೊಂದಿದೆ. ಟಾಯ್ಸ್ ಹಿಲ್‌ನ ಬೀಚ್ ಮರಗಳು ತಲೆಮಾರುಗಳ ಕಾಲ ಜನ ಸೌದೆಗಾಗಿ ಕೊಂಬೆ ಕಡಿಯುತ್ತ ರೂಪಿಸಿದವು. ಮನುಷ್ಯನ ಕೈ ಆಡಿದ ಕಾಡನ್ನು ಈಗ ಮಾತ್ರ ಪ್ರಕೃತಿಗೆ ಬಿಡುತ್ತೇವೆ ಎನ್ನುವುದು, ಅವರ ದೃಷ್ಟಿಯಲ್ಲಿ, ಹೊಣೆಯಿಂದ ಜಾರಿಕೊಂಡಂತೆ.

ಕಾಯಬೇಕು ಎನ್ನುವವರ ಪಕ್ಷವೂ ಅಷ್ಟೇ ಬಲವಾದದ್ದು. ಬಿದ್ದ ಮರವೆಲ್ಲ ಸತ್ತ ಮರವಲ್ಲ ಎಂದು ಕಾಡುಗಳ ಇತಿಹಾಸಕಾರ ಆಲಿವರ್ ರ‍್ಯಾಕ್‌ಹ್ಯಾಮ್ ಒತ್ತಿ ಹೇಳುತ್ತಿದ್ದರು. ಅರ್ಧ ಬೇರು ಮಣ್ಣಿನಲ್ಲಿದ್ದರೂ ಸಾಕು, ಮಲಗಿದ ಕಾಂಡದಿಂದ ನೆಟ್ಟಗೆ ಚಿಗುರೊಡೆಯುತ್ತದೆ. ಅದನ್ನು ಎಳೆದು ಸಾಗಿಸಲು ಬರುವ ಭಾರಿ ಯಂತ್ರಗಳು ಎಳೆಸಸಿಗಳನ್ನು ತುಳಿಯುತ್ತವೆ, ಮಣ್ಣನ್ನು ಗಟ್ಟಿ ಮಾಡುತ್ತವೆ. ಮಣ್ಣು ಗಟ್ಟಿಯಾದರೆ ಏನಾಗುತ್ತದೆಂಬುದನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಒಂದು ಓಕ್ ಮರ ತೋರಿಸಿತು. ಆ ರಾತ್ರಿ ಸುಮಾರು 700 ಮರಗಳನ್ನು ಕಳೆದುಕೊಂಡ ಕ್ಯೂನಲ್ಲಿ, ಮೊದಲೇ ಸೊರಗಿದ್ದ 'ಟರ್ನರ್ ಓಕ್' ಅನ್ನು ಗಾಳಿ ಬೇರುಸಮೇತ ಎತ್ತಿ ಅದೇ ಗುಂಡಿಗೆ ಕೂರಿಸಿತು. ಕಡಿಯುವ ಸರದಿ ಬರುವವರೆಗೆ ಆಸರೆ ಕೊಟ್ಟು ನಿಲ್ಲಿಸಿದರು. ಮೂರು ವರ್ಷದ ಹೊತ್ತಿಗೆ ಅದು ಸೊಂಪಾಗಿತ್ತು. ಸಂದರ್ಶಕರ ಕಾಲ್ತುಳಿತಕ್ಕೆ ಬಿಗಿದಿದ್ದ ಮಣ್ಣು ಸಡಿಲಗೊಂಡು ಬೇರಿಗೆ ಗಾಳಿ ಸಿಕ್ಕಿದ್ದೇ ಕಾರಣವೆಂದು ಅಲ್ಲಿನವರು ಕಂಡುಕೊಂಡರು.

ತಂದು ನೆಟ್ಟ ಸಸಿಗಳ ಜೊತೆ ರೋಗವೂ ಬರಬಹುದು. 2012ರಲ್ಲಿ ಬ್ರಿಟನ್ನಿನಲ್ಲಿ ಆ್ಯಶ್ ಮರದ ಒಣಗುರೋಗ ಮೊದಲು ಪತ್ತೆಯಾದದ್ದು ಹೊರದೇಶದಿಂದ ತರಿಸಿದ ನರ್ಸರಿ ಸಸಿಗಳಲ್ಲಿ. ಒಂದೇ ವಯಸ್ಸಿನ ಮರಗಳು ಮುಂದಿನ ಬಿರುಗಾಳಿಗೆ ಒಟ್ಟಿಗೇ ಸಿಕ್ಕುವ ಅಪಾಯವನ್ನೂ ಅಲ್ಲಗಳೆಯಲಾಗದು.

ಆದರೂ ಕಾಯುವುದಕ್ಕೆ ಬೆಲೆ ಇದೆ. ಟಾಯ್ಸ್ ಹಿಲ್‌ನ ಒಂದು ಭಾಗವನ್ನು ಅದರ ಒಡೆತನದ ನ್ಯಾಷನಲ್ ಟ್ರಸ್ಟ್ ಬಿದ್ದದ್ದು ಬಿದ್ದಂತೆಯೇ ಬಿಟ್ಟಿತು. ಅಲ್ಲಿ ಬರ್ಚ್ ದಟ್ಟವಾಗಿ ಎದ್ದಿತು. ಬರ್ಚ್ ಕೂಡ ದೇಸಿ ಮರವೇ. ಆದರೆ ಬೀಚ್ ಕಾಡನ್ನು ಕಣ್ತುಂಬಿಕೊಂಡು ಬೆಳೆದವರಿಗೆ ಅದು ಬೇರೆಯೇ ಕಾಡು. ಅವರ ಜೀವಮಾನದಲ್ಲಿ ಹಳೆಯ ಕಾಡು ಮರಳದು ಎಂಬ ಸಂಕಟವನ್ನು ಭಾವುಕತೆಯೆಂದು ತಳ್ಳಿಹಾಕುವುದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಎರಡೂ ಕಡೆಯದನ್ನು ತೂಗಿದಾಗ, ಸ್ವಲ್ಪ ಅಳುಕಿನಿಂದಲೇ, ಮೊದಲು ಕಾಯುವುದರ ಕಡೆಗೆ ವಾಲುತ್ತೇನೆ. ಆದರೆ ಕೈಕಟ್ಟಿ ಕೂರುವುದಕ್ಕಲ್ಲ. ಕಾಲುದಾರಿಗೆ ಅಡ್ಡಬಿದ್ದ, ಅಪಾಯ ತರುವ ಮರಗಳನ್ನಷ್ಟೇ ತೆಗೆದು ಉಳಿದದ್ದನ್ನು ಬಿಡಬಹುದು. ಜಿಂಕೆ ನುಗ್ಗದಂತೆ ಬೇಲಿ ಹಾಕಿ, ರೋಡೋಡೆಂಡ್ರಾನ್ ಅನ್ನು ಎಳೆಯದಾಗಿರುವಾಗಲೇ ಕೀಳಿಸಬೇಕು. ಹಣ ಹೆಚ್ಚಾಗಿ ಬೇಕಾಗುವುದು ಬಹುಶಃ ಇಲ್ಲೇ. ನಾಲ್ಕೈದು ಋತು ಕಳೆದ ಮೇಲೂ ತಾಯಿಮರವಿಲ್ಲದೆ ಸಸಿ ಏಳದ ಜಾಗ ಉಳಿದರೆ, ಅದೇ ಕಾಡಿನಲ್ಲಿ ಆರಿಸಿದ ಬೀಜದಿಂದ ಅಲ್ಲೇ ಸಸಿಮಡಿ ಮಾಡಿ ನೆಡುವುದು ಸರಿ. ರೋಡೋಡೆಂಡ್ರಾನ್ ಆಗಲೇ ಬೇರೂರಿದ ಕಾಡುಗಳಲ್ಲಿ ಮಾತ್ರ ಅಷ್ಟು ಕಾಲ ಕಾಯುವ ಅವಕಾಶವಿರಲಾರದು. ಅಲ್ಲಿ ಪೊದೆ ತೆಗೆದ ಬೆನ್ನಲ್ಲೇ ನೆಡುವವರ ಮಾತಿಗೆ ಮಣಿಯಬೇಕಾದೀತು.