ತಿಪ್ಪೇಸ್ವಾಮಿ ಯಾವ ಸ್ಪೆಲಿಂಗಿನಲ್ಲಿ?

ಚಳ್ಳಕೆರೆ ಕೋರ್ಟಿನ ಒಂದು ಜಮೀನು ಕೇಸು ಹುಡುಕೋಕೆ ಇ-ಕೋರ್ಟ್ಸ್ ತೆರೆದೆ. ಜಿಲ್ಲೆ, ಕೋರ್ಟು, ವರ್ಷ ಸಲೀಸು. ಹೆಸರಿಗೆ ಬಂದಾಗ ಸಿಕ್ಕಿಬಿದ್ದೆ: ತಿಪ್ಪೇಸ್ವಾಮಿ. ನಾಯಕನಹಟ್ಟಿ ಸೀಮೆಯಲ್ಲಿ ಕರೆದರೆ ಹತ್ತು ಜನ ತಿರುಗಿ ನೋಡೋ ಹೆಸರು. ಇಂಗ್ಲಿಷಿನಲ್ಲಿ 'ಟಿ' ಆದಮೇಲೆ 'ಎಚ್' ಇದೆಯೋ ಇಲ್ಲವೋ, 'ಪಿ' ಒಂದೋ ಎರಡೋ? ಮೊಳಕಾಲ್ಮೂರಿನ ಓಬಯ್ಯ, ಬೋರಯ್ಯಂದಿರ ಪಾಡೂ ಇದೇ. 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯಿದ್ದರೆ ಹೆಸರೇ ಬೇಡ. ಆದರೆ ಅದಿರೋದು ಕಕ್ಷಿದಾರರು, ವಕೀಲರ ಹತ್ರ.

ಕೇಸು ಸಿಕ್ಕರೂ ಕಾಣೋದು ಮುಂದಿನ ದಿನಾಂಕ, ಕೆಲವು ಆದೇಶ. ದಾವಾ ಅರ್ಜಿ, ಸಾಕ್ಷ್ಯ ಬೇಕಂದ್ರೆ ಕೋರ್ಟಿಗೇ ಹೋಗಿ ನಕಲು ಅರ್ಜಿ ಹಾಕಬೇಕು. ಆರ್‌ಟಿಐ ಅಂತೀರಾ? 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲು ಮುಚ್ಚಿತು: ಕೋರ್ಟಿನ ನಿಯಮವಿರುವಾಗ ಅದೇ ದಾರಿಯಲ್ಲಿ ಬನ್ನಿ ಎಂದಿತು. ಕಕ್ಷಿದಾರರಲ್ಲದವರು ಕಾರಣ ಹೇಳಬೇಕೆಂಬ ಗುಜರಾತ್ ಹೈಕೋರ್ಟ್ ನಿಯಮವನ್ನೂ ಎತ್ತಿಹಿಡಿಯಿತು.

ಕುದಾಪುರದ ಅಮೃತಮಹಲ್ ಕಾವಲು ಪ್ರಕರಣ ಚೆನ್ನೈನ ಹಸಿರು ನ್ಯಾಯಮಂಡಳಿಗೆ ಹೋಗಿದ್ದರಿಂದ ದೂರದವರಿಗೂ ತಿಳೀತು. ತಾಲ್ಲೂಕು ಕೋರ್ಟಿನ ಸರ್ವೆ ನಂಬರಿನ ಜಗಳಕ್ಕೆ ವರದಿಗಾರರು ಬರಲ್ಲ. ಅಲ್ಲಿ ಯಾರು ಏನು ವಾದಿಸಿದರು ಅನ್ನೋದಕ್ಕೆ ಕಡತವೇ ಗತಿ. ತೆರೆದ ಕೋರ್ಟಿನಲ್ಲಿ ಕೂತು ಕೇಳೋಕೆ ಕಾರಣ ಬೇಡ, ಅದನ್ನೇ ಓದೋಕೆ ಯಾಕೆ ಬೇಕು?

ನಕಲು ಅರ್ಜಿಯಲ್ಲಿ ನಾನು ಬರೆದ ಕಾರಣ: 'ಅದೇ ಊರಿನವನು.' ಸಾಕಾಗುತ್ತೋ ನೋಡಬೇಕು.